ಶಹಾಬಾದಿ ಕಲ್ಲಿನ ಮೇಲೆ ನಿಂಜಾ ವಿದ್ಯೆ

ಚಾಚಾ ಏಣಿಯಿಂದ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಹಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿ ಸೇರಿ ಮೂರು ವರ್ಷವಾಗಿತ್ತು. ನಮ್ಮ ಕಚೇರಿಯ ಎದುರಿಗೆ ಒಂದು ವೆಲ್ಡಿಂಗ್ ಅಂಗಡಿ. ಅದರ ಮಾಲೀಕರನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತಿತ್ತು. ಐವತ್ತು ದಾಟಿದ, ಸಣಕಲು ಮೈಯ, ಬಿಳಿ ಗಡ್ಡದ ಮನುಷ್ಯ. ಹತ್ತು ವರ್ಷ ಅರಬ್ ದೇಶದಲ್ಲಿ ದುಡಿದು ತಿರುಗಿ ಬಂದವರು. ಅವತ್ತು ನಮ್ಮ ಮೇಲಿನ ಕಿಟಕಿಗೆ ಕಬ್ಬಿಣದ ಗ್ರಿಲ್ಲು ಕೂಡಿಸಲು ಏಣಿ ಹತ್ತಿದ್ದರು. ನುಣುಪು ಕಲ್ಲಿನ ಮೇಲೆ ಏಣಿಯ ಕಾಲು ಜಾರಿತು.

ನಾನು ಟೆಲಿಫೋನ್ ಬೋರ್ಡಿನ ಮುಂದೆ ಕೂತಲ್ಲಿಂದಲೇ ನೋಡಿದೆ. ಎಂಟು ಅಡಿ ಮೇಲಿಂದ ಬಂದ ಮನುಷ್ಯ ನೆಲಕ್ಕೆ ಅಪ್ಪಳಿಸಲಿಲ್ಲ. ಚೆಂಡಿನ ಹಾಗೆ ಮುದುಡಿಕೊಂಡು ಒಂದು ಭುಜದಿಂದ ಸೊಂಟದ ಇನ್ನೊಂದು ಮಗ್ಗುಲಿಗೆ ಅಡ್ಡಲಾಗಿ ಉರುಳಿ, ಉರುಳಿದ ಭರದಲ್ಲೇ ಎದ್ದು ನಿಂತರು. ಮೇಲಿನ ಅಧಿಕಾರಿ ಓಡಿ ಬಂದರು, ಲೈನ್‌ಮನ್ ಓಡಿ ಬಂದ, ನಾನು ನೀರಿನ ಚಂಬು ಹಿಡಿದುಕೊಂಡು ಓಡಿದೆ. ಚಾಚಾ ನೆಲದ ಮೇಲೆ ಬಿದ್ದಿದ್ದ ಟೊಪ್ಪಿಗೆ ಎತ್ತಿ, ಧೂಳು ಝಾಡಿಸಿ, ತಲೆಗೆ ಹಾಕಿಕೊಂಡರು.

"ಏನೂ ಆಗಿಲ್ರಿ ಆಪರೇಟರ್ ಬಾಯಿ," ಅಂದರು. "ನೀರು ತಂದೀರಲ್ಲ, ಕೊಡ್ರಿ. ಹ್ಯಾಂಗೂ ನೀರಡಿಕಿ ಆಗಿತ್ತು."

ನೀರು ಕುಡಿದು ಮತ್ತೆ ಏಣಿ ಹತ್ತಿದರು.

ನನಗೆ ಅವತ್ತಿಡೀ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅದಕ್ಕೆ ಕಾರಣವಿತ್ತು. ಶಹಾಬಾದ್ ಕಲ್ಲಿನ ಊರು. ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆ ಕಲ್ಲು, ಹಿತ್ತಿಲ ಬೇಲಿ ಕೂಡ ನಿಲ್ಲಿಸಿಟ್ಟ ಕಲ್ಲಿನ ಹಾಸುಗಳೇ. ನೀರು ಬಿದ್ದರೆ ಆ ಕಲ್ಲು ಎಣ್ಣೆ ಸವರಿದ ಹಾಗೆ ಆಗುತ್ತದೆ. ಎರಡು ವರ್ಷದ ಹಿಂದೆ ನಮ್ಮ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ನನ್ನ ಎಡ ಮುಂಗೈ ಮುರಿದಿತ್ತು. ಕಟ್ಟು ಹಾಕಿದರು, ಎಲುಬು ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ ಕೂಡಿತು. ಕೈ ಹೇಗೋ ನಡೆಯುತ್ತಿತ್ತು. ನಡೆಯದೆ ಹೋದದ್ದು ನನ್ನ ಕಾಲು. ಇಪ್ಪತ್ತಾರರ ಹುಡುಗಿ ನಾನು, ಅಂಗಳ ದಾಟುವಾಗ ಗೋಡೆ ಹಿಡಿಯುತ್ತಿದ್ದೆ. ಮಳೆ ಬಂದ ದಿನ ಕಚೇರಿಗೆ ಹೋಗುವುದೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಪಾಳಿ ಮುಗಿದ ಮೇಲೆ ವೆಲ್ಡಿಂಗ್ ಅಂಗಡಿಗೆ ಹೋದೆ.

"ಚಾಚಾ, ಅದು ಹ್ಯಾಂಗ ಬಿದ್ರಿ ನೀವು?"

ಅವರು ಕಣ್ಣಿಗೆ ಕಟ್ಟಿದ್ದ ಕಪ್ಪು ಕನ್ನಡಕ ಹಣೆಗೆ ಏರಿಸಿದರು. "ಬಿದ್ದದ್ದು ಹ್ಯಾಂಗ ಅಂತ ಇಷ್ಟು ವರ್ಷದಾಗ ನೀನೇ ಮೊದಲು ಕೇಳ್ದಾಕಿ. ಎಲ್ಲರೂ ಪೆಟ್ಟಾಯ್ತೇನು ಅಂತಷ್ಟೇ ಕೇಳ್ತಾರ."

ಆಮೇಲೆ ಹೇಳಿದರು. ಅರಬ್ ದೇಶದಲ್ಲಿ ಅವರು ದುಡಿಯುತ್ತಿದ್ದ ಎಣ್ಣೆ ಕಾರ್ಖಾನೆ ಕಟ್ಟುವ ಕೆಲಸದಲ್ಲಿ ಒಬ್ಬ ಜಪಾನಿ ಫೋರ್‌ಮನ್ ಇದ್ದನಂತೆ. ಅವನು ತನ್ನ ಊರಿನಲ್ಲಿ ಒಬ್ಬ ಹಿರಿಯ ಗುರುವಿನ ಹತ್ತಿರ ಹಳೆಯ ಕಾಲದ ಯುದ್ಧವಿದ್ಯೆ ಕಲಿತವನು. ನಿಂಜುತ್ಸು ಎಂದು ಅದರ ಹೆಸರು. ದಿನಾ ಸಂಜೆ ಕೆಲಸ ಮುಗಿದ ಮೇಲೆ ಶೆಡ್ಡಿನ ಹಿಂದಿನ ಉಸುಕಿನಲ್ಲಿ ಒಬ್ಬನೇ ಬಿದ್ದು ಎದ್ದು ಮಾಡುತ್ತಿದ್ದ. ಚಾಚಾ ಒಂದು ತಿಂಗಳು ದೂರ ನಿಂತು ನೋಡಿದರಂತೆ. ಎರಡನೇ ತಿಂಗಳು ಅವನೇ ಕೈ ಮಾಡಿ ಕರೆದನಂತೆ. ಹಾಗೆ ಏಳು ವರ್ಷ.

"ನಂಗೂ ಕಲಸ್ರಿ," ಅಂದೆ.

"ಯಾರ್ನ ಹೊಡೀಬೇಕಾಗ್ಯದ?"

"ಯಾರ್ನೂ ಇಲ್ರಿ. ಬೀಳಬೇಕಾಗ್ಯದ."

ಚಾಚಾ ನನ್ನ ಸೊಟ್ಟ ಮುಂಗೈ ನೋಡಿದರು. "ಮೊದ್ಲ ನಿಮ್ಮವ್ವನ್ನ ಕೇಳ್ತೀನಿ," ಅಂದರು.

ಆ ಐತವಾರ ಮುಂಜಾನೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಚಾಚಿ ದಪ್ಪನೆಯ, ನಗುಮುಖದ ಹೆಂಗಸು. ಚಿಂಚೋಳಿ ಕಡೆಯವರು, ನಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು, ನಡುವೆ ತೆಲುಗು ಕೂಡ. ಅವ್ವ ಚಾಪೆ ಹಾಸಿ, ಚಹಾ ಕೊಟ್ಟು, ಬಂದ ಸಂಗತಿ ಏನು ಎನ್ನುವಂತೆ ಸೆರಗು ಸರಿಮಾಡಿಕೊಂಡು ಕೂತಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿತನ ಎಲ್ಲ ಅವಳದೇ.

"ಅಕ್ಕಾ, ನಿಮ್ಮ ಮಗಳು ನನ್ನ ಹತ್ರ ಬೀಳೋದು ಕಲೀತೀನಿ ಅಂತಾಳ," ಅಂದರು ಚಾಚಾ.

ಅವ್ವ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ಅದರಾಗ ಕಲಿಸೋದೇನದರಿ ಅಣ್ಣಾ? ನಮ್ಮ ಮನ್ಯಾಗ ಎಲ್ರೂ ತಮ್ಮಷ್ಟಕ್ಕ ತಾವೇ ಬಿದ್ದಾರ."

"ಬಿದ್ರ ಪೆಟ್ಟಾಗ್ಬಾರ್ದಲ್ರಿ, ಅದು ಕಲಸ್ತೀನಿ."

"ಹೆಣ್ಣು ಹುಡುಗಿ, ಕುಸ್ತಿ ಮಾಡಂಗಿಲ್ಲ."

"ಕುಸ್ತಿ ಅಲ್ರಿ ಅಕ್ಕಾ," ಅಂದರು ಚಾಚಿ. "ನಮ್ಮ ಅಂಗಳದಾಗ ಬಾಗಿಲು ಹಾಕ್ಕೊಂಡು ಉಳ್ಳಾಡ್ತಾರ. ನಾ ಅಲ್ಲೇ ಜ್ವಾಳ ಹಸನ ಮಾಡ್ಕೋತ ಕುಂತಿರ್ತೀನಿ. ನೀವೂ ಬರ್ರಿ, ನೋಡ್ರಿ."

"ಮತ್ತ ಕೈ ಮುರದ್ರ?"

"ಮುರದ್ರ ಆರು ತಿಂಗಳು ನಿಮ್ಮ ಮನೀಗಿ ಬಂದು ನಾನೇ ರೊಟ್ಟಿ ಬಡೀತೀನಿ," ಅಂದರು ಚಾಚಾ, ನಗದೆಯೇ.

"ಬ್ಯಾಡ್ರಿ ಅಕ್ಕಾ," ಅಂದರು ಚಾಚಿ. "ಇವರ ರೊಟ್ಟಿ ತಿಂದ್ರ ನಿಮ್ಮ ಹಲ್ಲು ಮುರೀತಾವ."

ಅವ್ವ ನಕ್ಕಳು. ಅವಳು ನಕ್ಕಳೆಂದರೆ ಒಪ್ಪಿದಳೆಂದೇ ಲೆಕ್ಕ.

ಚಾಚಾರ ಅಂಗಳವೂ ಕಲ್ಲಿನದೇ. ಅದರ ಒಂದು ಮೂಲೆಯಲ್ಲಿ ತೊಗರಿ ಹೊಟ್ಟು ಮೊಣಕಾಲುದ್ದ ಹರಡಿ, ಮೇಲೆ ಗೋಣಿತಾಟು ಹಾಸಿದ್ದರು. ಅದೇ ನಮ್ಮ ಅಖಾಡ. ಚಾಚಿ ತಮ್ಮ ಗಂಡನ ಹಳೆಯ ಖಾಕಿ ಬಟ್ಟೆಗಳ ಹೊಲಿಗೆ ಬಿಚ್ಚಿ ನನಗೆ ಒಂದು ಪೈಜಾಮ, ಮೊಣಕಾಲಿನವರೆಗಿನ ಅಂಗಿ ಹೊಲಿದುಕೊಟ್ಟರು. ಮೊದಲ ದಿನವೇ ಒಂದು ತೊಡಕು ಬಂತು. ನನ್ನ ಕೊರಳಲ್ಲಿ ಲಿಂಗದ ಕರಡಿಗೆ. ಉರುಳಿದರೆ ಅದು ಹಾರಿ ಗದ್ದಕ್ಕೆ ಬಡಿಯುತ್ತಿತ್ತು. ತೆಗೆದಿಡು ಎನ್ನಲು ಚಾಚಾಗೆ ಬಾಯಿ ಬರಲಿಲ್ಲ, ತೆಗೆದಿಡುವ ಮಾತು ನನಗೂ ಇಲ್ಲ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಒಂದು ಹಳೆಯ ಧೋತರದ ಅಗಲ ಪಟ್ಟಿ ಹರಿದು, ಕರಡಿಗೆ ಎದೆಗೆ ಬಿಗಿಯಾಗಿ ಕೂರುವಂತೆ ಬೆನ್ನ ಹಿಂದಿನಿಂದ ಸುತ್ತಿ ಕಟ್ಟಿದಳು. "ಈಗ ಎಷ್ಟರೆ ಉಳ್ಳಾಡು," ಅಂದಳು. ವಿದ್ಯೆಯಲ್ಲಿ ಅವ್ವ ಪಾಲುದಾರಳಾದದ್ದು ಹಾಗೆ.

ಮೊದಲ ತಿಂಗಳು ನಾನು ಕೂತದ್ದು, ಎದ್ದದ್ದು ಇಷ್ಟೇ. ಕುಕ್ಕರುಗಾಲಲ್ಲಿ ಕೂಡು, ಹಿಂದಕ್ಕೆ ಹೋಗು, ಗದ್ದ ಎದೆಗೆ ಒತ್ತು, ಬೆನ್ನು ದುಂಡಗೆ ಮಾಡು, ತಿರುಗಿ ಬಾ. ಎರಡನೇ ತಿಂಗಳು ಮುಂದಕ್ಕೆ ಉರುಳುವುದು. ಉರುಳುವುದಕ್ಕೆ ಕೈತೆನ್ ಎಂದು ಜಪಾನಿ ಹೆಸರಿತ್ತು. ಚಾಚಾ ಅದನ್ನು ಖೈತಾನ್ ಎನ್ನುತ್ತಿದ್ದರು, ನಾನೂ ಹಾಗೇ ಕಲಿತೆ. ಮುರಿದ ಕೈ ನೆಲಕ್ಕೆ ತಾಗಬೇಕು ಎಂದಾಗಲೆಲ್ಲ ನನ್ನ ಮೈ ಕಲ್ಲಾಗುತ್ತಿತ್ತು. ಹದಿನೈದು ದಿನ ಗೋಣಿತಾಟಿನ ಮುಂದೆ ಮೊಣಕಾಲೂರಿ ಕೂತೇ ಇದ್ದೆ, ಒಂದು ಸಲವೂ ಉರುಳಲಿಲ್ಲ. ಚಾಚಾ ಬೈಯಲಿಲ್ಲ. ಹೊಟ್ಟಿನ ತುರಿಕೆ ತಡೆಯಲಾರದೆ ನಾನು ಕೈ ಕೆರೆದುಕೊಳ್ಳುತ್ತಿದ್ದೆ, ಅವರು ಪಕ್ಕದಲ್ಲಿ ಕೂತು ತಮ್ಮ ಕೈ ಕೆರೆದುಕೊಳ್ಳುತ್ತಿದ್ದರು.

ಒಂದು ದಿನ ನೆಲದ ಧೂಳಿನಲ್ಲಿ ಬೆರಳಿನಿಂದ ಒಂದು ಅಕ್ಷರ ಬರೆದರು. "ಇದು ನಿಂಜಾ ಅನ್ನೋದರ ಮೊದ್ಲಿನ ಅಕ್ಷರ. ಮ್ಯಾಲ ಇರೋದು ಕತ್ತಿಯ ಬಾಯಿ. ಕೆಳಗ ಇರೋದು ದಿಲ್. ನಮ್ಮ ಫೋರ್‌ಮನ್ ಬರದು ತೋರ್ಸಿದ್ದ. ಕತ್ತಿ ಕೆಳಗ ಎದಿ ಇಟ್ಕೊಂಡು ಸುಮ್ನ ಇರಬೇಕು. ಸಬರ್, ತಾಳ್ಮಿ ಅಂತೀವಲ್ಲ, ಅದು."

"ನಾ ಅಂಜಿ ಕುಂತೀನ್ರಿ ಚಾಚಾ, ಸಬರ್ ಅಲ್ಲ."

"ಓಡಿ ಹೋಗಿಲ್ಲಲ್ಲ," ಅಂದರು.

ಮರುದಿನ ಉರುಳಿದೆ. ಹೇಗೆ ಎಂದು ಈಗಲೂ ಹೇಳಲು ಬರುವುದಿಲ್ಲ. ಕಣ್ಣು ಬಿಟ್ಟಾಗ ಆಕಾಶ ಕಾಣಿಸಿತು, ಆಮೇಲೆ ಚಾಚಿಯ ಜೋಳದ ಮೊರ ಕಾಣಿಸಿತು. ಚಾಚಿ ಮೊರ ಬಿಟ್ಟು ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದು ನನ್ನ ಬಾಯಿಗೆ ಹಾಕಿದರು.

ಅಷ್ಟರಲ್ಲಿ ಇನ್ನೊಬ್ಬ ಶಿಷ್ಯ ಬಂದಿದ್ದ. ವಾಡಿ ಜಂಕ್ಷನ್ನಿನಲ್ಲಿ ರೈಲು ಹಳಿ ಬದಲಿಸುವ ಕೆಲಸದ ಪಾಯಿಂಟ್ಸ್‌ಮನ್. ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ. ರಜೆಯ ದಿನ ಪ್ಯಾಸೆಂಜರ್ ರೈಲು ಹಿಡಿದು ಬರುತ್ತಿದ್ದ. ಅವನು ಉರುಳಿದರೆ ಹೊಟ್ಟೆಲ್ಲ ಗಾಳಿಗೆ ಹಾರಿ ಮತ್ತೆ ಮಳೆಯ ಹಾಗೆ ಬೀಳುತ್ತಿತ್ತು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ತಂಗಿ ಎನ್ನುತ್ತಿದ್ದ. ಸದ್ದಿಲ್ಲದೆ ನಡೆಯುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅಷ್ಟು ದೊಡ್ಡ ದೇಹ ಬೆಕ್ಕಿನ ಹಾಗೆ ಬರುತ್ತಿತ್ತು. ಮನೆಯಲ್ಲಿ ಅಡಿಗೆ ಮಾಡುವ ಹೆಂಡತಿಯ ಹಿಂದೆ ಹಾಗೆ ಹೋಗಿ ನಿಂತದ್ದಕ್ಕೆ ಅವಳು ಬಿಸಿ ಬೇಳೆಯ ಸೌಟಿನಿಂದ ಬಾರಿಸಿದಳಂತೆ. ಆ ಗುರುತನ್ನು ಎರಡು ವಾರ ಎಲ್ಲರಿಗೂ ಹೆಮ್ಮೆಯಿಂದ ತೋರಿಸಿದ.

ನನ್ನ ಕೈಹಿಡಿದದ್ದು ಕಿವಿ. ಕಣ್ಣಿಗೆ ಬಟ್ಟೆ ಕಟ್ಟಿ ಅಂಗಳದ ನಡುವೆ ನಿಲ್ಲಿಸುತ್ತಿದ್ದರು. ಚಾಚಾ ಬರಿಗಾಲಲ್ಲಿ ಸುತ್ತ ತಿರುಗಿ ಎಲ್ಲೋ ನಿಲ್ಲುತ್ತಿದ್ದರು. ಎಲ್ಲಿದ್ದಾರೆ ಎಂದು ಬೆರಳು ಮಾಡಿ ತೋರಿಸಬೇಕು. ದಿನಕ್ಕೆ ಎಂಟು ತಾಸು ಹೆಡ್‌ಫೋನ್ ಹಾಕಿಕೊಂಡು, ಗರಗರ ಸದ್ದಿನ ಲೈನಿನಲ್ಲಿ ಕಲಬುರ್ಗಿಯ ವ್ಯಾಪಾರಿ ಯಾವ ನಂಬರು ಕೇಳಿದ ಎಂದು ಹೆಕ್ಕಿ ತೆಗೆಯುವ ಕಿವಿ ನನ್ನದು. ಚಾಚಾರ ಮೊಣಕಾಲು ಸಣ್ಣಗೆ ಕಟಕ್ ಎನ್ನುವುದು ನನಗೆ ಸ್ಪಷ್ಟ ಕೇಳಿಸುತ್ತಿತ್ತು. ಪ್ರತಿ ಸಲ ಸರಿಯಾಗಿ ತೋರಿಸಿದೆ. "ಇದು ವಿದ್ಯೆ ಅಲ್ಲ, ಸರ್ಕಾರಿ ನೌಕರಿ," ಅಂದರು ಚಾಚಾ.

ಹೀಗೆ ಒಂದೂವರೆ ವರ್ಷ ಹಾಯಾಗಿ ಕಳೆಯಿತು. ಆಮೇಲೆ ನಮ್ಮ ಕಡೆಯ ಟೂರಿಂಗ್ ಟಾಕೀಸುಗಳಿಗೆ ಒಂದು ಪರದೇಶದ ಸಿನೆಮಾ ಬಂತು. ಕಣ್ಣಷ್ಟೇ ಬಿಟ್ಟು ಮೈಯೆಲ್ಲ ಕಪ್ಪು ಬಟ್ಟೆ ಮುಚ್ಚಿಕೊಂಡವರು ಗೋಡೆ ಹತ್ತಿ, ಹೊಗೆ ಎಬ್ಬಿಸಿ ಮಾಯವಾಗುವುದು. ಒಂದೇ ವಾರದಲ್ಲಿ ನಿಂಜಾ ಎಂಬ ಮಾತು ಚಿತ್ತಾಪುರದಿಂದ ಸೇಡಂ ತನಕ ಹರಡಿತು. ಚಾಚಾರ ಅಂಗಡಿ ಮುಂದೆ ಕಾಲೇಜಿನ ತರುಣರು ಸಾಲುಗಟ್ಟಿದರು. ಕೆಲವರು ಕಪ್ಪು ಬಟ್ಟೆ ಹೊಲಿಸಿಕೊಂಡೇ ಬಂದಿದ್ದರು. ಚಾಚಾ ಅವರನ್ನು ಅಂಗಳಕ್ಕೆ ಕರೆದು, "ಕುಂದ್ರಿ, ಎದ್ದೇಳ್ರಿ," ಅಂದರು. ಮೂರು ದಿನ ಕೂತು ಎದ್ದು ಎಲ್ಲರೂ ಮನೆಗೆ ಹೋದರು.

ಹೋದವರಲ್ಲಿ ಇಬ್ಬರು ಸುಲೇಪೇಟದವರು. ಅವರ ಊರಿನ ತರುಣ ಸಂಘದ ವಾರ್ಷಿಕೋತ್ಸವಕ್ಕೆ ಚಾಚಾ ಬಂದು ಪ್ರದರ್ಶನ ಕೊಡಬೇಕೆಂದು ಒಂದೇ ಸಮನೆ ಬೆನ್ನು ಬಿದ್ದರು. ಚಾಚಾ ಬೇಡವೆಂದರೆ ಚಾಚಿಯ ಹತ್ತಿರ ಹೋದರು. ಚಾಚಿಯ ತಂಗಿ ಇದ್ದದ್ದು ಸುಲೇಪೇಟದಲ್ಲೇ. "ಎಂಟು ವರ್ಷ ಆಯ್ತು ತಂಗಿ ಮುಖ ನೋಡಿ," ಅಂದರು ಚಾಚಿ. ಚಾಚಾ ಹೊರಡಲೇಬೇಕಾಯಿತು.

ನಾವು ನಾಲ್ವರು ಬಸ್ಸು ಹತ್ತಿದೆವು. ಅವ್ವ ಬುತ್ತಿ ಕಟ್ಟಿಕೊಟ್ಟಿದ್ದಳು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ತೆಂಗಳಿ ಹತ್ತಿರ ಬಸ್ಸು ನಿಂತಾಗ ಪಾಯಿಂಟ್ಸ್‌ಮನ್ ಅಣ್ಣ ಅದನ್ನು ಬಿಚ್ಚಿ ಮುಗಿಸಿಬಿಟ್ಟ. ಸುಲೇಪೇಟದ ಬಸ್ ನಿಲ್ದಾಣದಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಗೋಡೆಗೆ ಅಂಟಿಸಿದ ಕೈಬರಹದ ದೊಡ್ಡ ಹಾಳೆ. ಕಪ್ಪು ಮುಖವಾಡದ ಚಿತ್ರ. ಕೆಳಗೆ ಕೆಂಪು ಅಕ್ಷರದಲ್ಲಿ, ಜಪಾನಿನಲ್ಲಿ ತರಬೇತಿ ಪಡೆದ ಮಾಯಾವಿ ಇಂದು ಮಧ್ಯಾಹ್ನ ಸಾರ್ವಜನಿಕರ ಕಣ್ಣೆದುರಿಗೆ ಅದೃಶ್ಯನಾಗುತ್ತಾನೆ ಎಂದು ಬರೆದಿತ್ತು.

ಚಾಚಾಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. "ಏನ ಬರ್ದಾರ?" ಎಂದು ಕೇಳಿದರು. ಓದಿ ಹೇಳಿದೆ. ಅವರ ಮುಖ ಇಳಿಯಿತು.

"ನಾ ಜಪಾನ್ ನೋಡೇ ಇಲ್ಲಲ್ಲ ಬೇಟಿ," ಅಂದರು ಮೆಲ್ಲಗೆ.

ತಿರುಗಿ ಹೋಗೋಣ ಎಂದೆ. ಮುಂದಿನ ಬಸ್ಸು ಸಂಜೆಗಿತ್ತು. ಚಾಚಿ ಆಗಲೇ ತಂಗಿಯ ಮನೆಯ ಹಾದಿ ಹಿಡಿದಿದ್ದರು.

ಸಾಲೆಯ ಬಯಲಿನಲ್ಲಿ ಊರೇ ನೆರೆದಿತ್ತು. ಸುತ್ತಲ ಹಳ್ಳಿಯವರೂ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದರು. ಕಲ್ಲಿನ ಹಾಸುಗಳನ್ನು ಜೋಡಿಸಿ ಎರಡಡಿ ಎತ್ತರದ ಕಟ್ಟೆ ಮಾಡಿದ್ದರು, ಮೇಲೆ ಒಂದು ತೆಳು ಜಮಖಾನ. ಮೊದಲು ಪಾಯಿಂಟ್ಸ್‌ಮನ್ ಅಣ್ಣ ಉರುಳಿದ. ಅಷ್ಟು ದೊಡ್ಡ ಮನುಷ್ಯ ಉರುಳುವುದನ್ನು ನೋಡಿ ಜನ ನಕ್ಕರು, ಚಪ್ಪಾಳೆ ಹೊಡೆದರು. ಆಮೇಲೆ ಚಾಚಾ ಬೀಳುವ ಐದಾರು ಬಗೆ ತೋರಿಸಿದರು. ಮುಂದಕ್ಕೆ, ಹಿಂದಕ್ಕೆ, ಮಗ್ಗುಲಿಗೆ. ಅವರು ಬೀಳುವಾಗ ನೆಲಕ್ಕೆ ನೋವಾಗಬಾರದು ಎನ್ನುವ ಹಾಗೆ ಬೀಳುತ್ತಿದ್ದರು. ಆದರೆ ಜನಕ್ಕೆ ಬೇಕಾದದ್ದು ಅದಲ್ಲ.

"ಮುದುಕ ಬೀಳೋದು ನಮ್ಮ ಮನ್ಯಾಗೂ ನೋಡೀವ್ರಿ," ಅಂದ ಯಾರೋ. "ಮಾಯ ಆಗ್ರಿ."

"ಮಾಯ ಆಗ್ರಿ, ಮಾಯ ಆಗ್ರಿ," ಎಂದು ಇಡೀ ಬಯಲು ಕೂಗತೊಡಗಿತು. ಸಿಳ್ಳು ಬಿದ್ದವು. ಒಂದು ಕಬ್ಬಿನ ಸಿಪ್ಪೆ ಹಾರಿ ಬಂದು ಚಾಚಾರ ಕಾಲ ಹತ್ತಿರ ಬಿತ್ತು. ಚಾಚಾ ನನ್ನ ಹತ್ತಿರ ಬಂದು, "ಬೇಟಿ, ನೀ ಹೋಗಿ ನಿಂದ್ರು. ಹತ್ತು ಖೈತಾನ್ ಮಾಡು. ಸ್ಲೋ," ಅಂದರು.

ಕಲ್ಲಿನ ಮೇಲೆ ಅಂಥ ಜನದೆದುರಿಗೆ ಉರುಳುವುದು ನನ್ನ ಜೀವನದಲ್ಲೇ ಅದು ಮೊದಲು. ಖಾಕಿ ಅಂಗಿ ತೊಟ್ಟ ಹೆಣ್ಣುಮಗಳು ಕಟ್ಟೆ ಹತ್ತಿದ್ದೇ ಬಯಲು ಗಪ್ಪಾಯಿತು. ಹೆಂಗಸರು ಮುಂದೆ ನುಗ್ಗಿದರು. ಗದ್ದ ಎದೆಗೆ ಒತ್ತಿದೆ, ಸೊಟ್ಟ ಕೈ ಮುಂದೆ ಇಟ್ಟೆ, ಹೋದೆ. ಎದ್ದೆ. ಮತ್ತೆ ಹೋದೆ. ನಾಲ್ಕನೆಯದರ ಹೊತ್ತಿಗೆ ನನಗೆ ಜನ ಮರೆತೇಹೋದರು. ಹತ್ತು ಮುಗಿಸಿ ನಿಂತಾಗ ಜೋರು ಚಪ್ಪಾಳೆ. ನಾನು ಚಾಚಾ ಇದ್ದ ಕಡೆ ತಿರುಗಿದೆ.

ಚಾಚಾ ಇರಲಿಲ್ಲ.

ಪಾಯಿಂಟ್ಸ್‌ಮನ್ ಅಣ್ಣ ಒಬ್ಬನೇ ನಿಂತಿದ್ದ. ಅವನೂ ಪಕ್ಕಕ್ಕೆ ನೋಡಿ ಬೆಚ್ಚಿದ. ಸಂಘದ ಅಧ್ಯಕ್ಷ ಕಟ್ಟೆಯ ಹಿಂದೆ ಹೋಗಿ ನೋಡಿದ, ಕಟ್ಟೆಯ ಕೆಳಗೆ ಬಗ್ಗಿ ನೋಡಿದ. ಜನರಲ್ಲಿ ಗುಜುಗುಜು ಎದ್ದಿತು. "ಆದಾ, ಮಾಯ ಆದಾ," ಎಂದು ಒಬ್ಬ ಮುದುಕಿ ಎದೆ ಮುಟ್ಟಿಕೊಂಡಳು. ಎಲ್ಲರೂ ಹುಡುಕತೊಡಗಿದರು. ಕೊನೆಗೆ ಯಾರೋ ಬಯಲಿನಂಚಿನ ಚಹಾದಂಗಡಿಯಿಂದ ಕೂಗಿ ಹೇಳಿದ. ಅಲ್ಲಿ ಬಾಕಿನ ಮೇಲೆ ಚಾಚಾ ಕೂತಿದ್ದರು, ಬಸಿಯಲ್ಲಿ ಚಹಾ ಹಾಕಿಕೊಂಡು ಆರಿಸಿ ಕುಡಿಯುತ್ತಿದ್ದರು.

ಅಧ್ಯಕ್ಷ ಓಡಿ ಹೋದ. "ಇಲ್ಲಿ ಹ್ಯಾಂಗ ಬಂದ್ರಿ?"

"ನಡ್ಕೋತ ಬಂದೆ. ನಿಮ್ಮ ಮುಂದಿಂದೇ ಬಂದೆ. ನೀವೆಲ್ಲ ಆಕಿನ್ನ ನೋಡ್ಲಿಕತ್ತಿದ್ರಿ."

ಅರ್ಧ ಜನ ಇದು ಮೋಸ ಎಂದರು. ಅರ್ಧ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಐನೂರು ಮಂದಿಯ ನಡುವಿನಿಂದ ಒಬ್ಬ ಮನುಷ್ಯ ಹೋದದ್ದನ್ನು ನೀ ನೋಡಿದೆಯಾ, ನೀ ನೋಡಿದೆಯಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಯಾರೂ ನೋಡಿರಲಿಲ್ಲ. ಚಹಾದಂಗಡಿಯವನು ಮಾತ್ರ, "ನಾ ನೋಡೀನ್ರಿ, ಗಿರಾಕಿ ಬಂದ್ರ ನೋಡ್ಲಿಲ್ಲಂದ್ರ ಹ್ಯಾಂಗ," ಅಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾವೆಲ್ಲ ಅದನ್ನೇ ಆಡಿಕೊಂಡು ನಗುತ್ತಿದ್ದೆವು. ಚಾಚಾ ಮಾತ್ರ ನಗಲಿಲ್ಲ. ಶಹಾಬಾದಿಗೆ ಬಂದು ವಾರವಾದರೂ ಅಂಗಳಕ್ಕೆ ಕರೆಯಲಿಲ್ಲ. ಏನೆಂದು ಕೇಳಲು ಹೋದೆ.

"ನಾ ತಪ್ಪು ಮಾಡ್ದೆ," ಅಂದರು. "ಅವನು ಏಳು ವರ್ಷ ಕಲಿಸಿದ ವಿದ್ಯೆನ ನಾ ಬಜಾರದಾಗ ತಮಾಷಾ ಮಾಡ್ದೆ. ಅವನಿಗಿ ಗೊತ್ತಾದ್ರ ಏನಂತಾನೋ."

"ಕೇಳೋಣ್ರಿ," ಅಂದೆ.

ಫೋರ್‌ಮನ್ ಊರಿಗೆ ಮರಳುವಾಗ ಕೊಟ್ಟಿದ್ದ ವಿಳಾಸ ಚಾಚಾರ ಪೆಟ್ಟಿಗೆಯಲ್ಲಿತ್ತು. ಇಂಗ್ಲಿಷಿನಲ್ಲಿ ನಾನೇ ಪತ್ರ ಬರೆದೆ. ಸುಲೇಪೇಟದ ಸಂಗತಿ ಬರೆಯುವುದು ಬೇಡ, ಅದನ್ನು ತಾನೇ ಬಾಯಿಯಿಂದ ಹೇಳಬೇಕು ಎಂದರು ಚಾಚಾ. ಹಾಗಾಗಿ ಕ್ಷೇಮ ಸಮಾಚಾರ, ಮತ್ತು ಫೋನಿನಲ್ಲಿ ಮಾತಾಡಬಹುದೇ ಎಂಬ ಒಂದು ಸಾಲು. ಎರಡು ತಿಂಗಳಿಗೆ ಉತ್ತರ ಬಂತು. ಮೂರೇ ಸಾಲು, ಒಂದು ಫೋನ್ ನಂಬರು, ಐತವಾರ ಎಂದು.

ನಮ್ಮ ಎಕ್ಸ್‌ಚೇಂಜಿನಿಂದ ಜಪಾನಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಮೇಲಧಿಕಾರಿಗಳು ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದರು. ಕಲಬುರ್ಗಿ, ಅಲ್ಲಿಂದ ಮುಂಬಯಿ, ಅಲ್ಲಿಂದ ಆಚೆ. ಮುಂಬಯಿಯ ಆಪರೇಟರ್ ಹೆಣ್ಣುಮಗಳು ನಾನು ಶಹಾಬಾದ್ ಎಂದಾಗ, ಅದೆಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದಳು. ನೀವು ನಿಂತಿರುವ ನೆಲ ಬಹುಶಃ ನಮ್ಮ ಊರಿನದೇ ಕಲ್ಲು ಎಂದೆ. ಅಲ್ಲಿಂದ ಅವಳು ನನ್ನ ಗೆಳತಿಯಾದಳು.

ಐತವಾರ ಮುಂಜಾನೆ ಚಾಚಾ ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಬಂದರು. ಫೋನಿನಲ್ಲಿ ಬಟ್ಟೆ ಕಾಣುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಎರಡು ತಾಸು ಕಾದ ಮೇಲೆ ಲೈನು ಸಿಕ್ಕಿತು. ಕಡಲಿನ ತಳದಿಂದ ಬಂದ ಹಾಗೆ ಒಂದು ಗಂಡಸಿನ ದನಿ. ಚಾಚಾ ಎದ್ದು ನಿಂತು, ರಿಸೀವರ್ ಹಿಡಿದುಕೊಂಡೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಆಮೇಲೆ ತಾವಿಬ್ಬರೂ ಅರಬ್ ದೇಶದಲ್ಲಿ ಆಡುತ್ತಿದ್ದ ಭಾಷೆಯಲ್ಲಿ, ಅರ್ಧ ಇಂಗ್ಲಿಷು, ಅರ್ಧ ಹಿಂದಿ, ನಡುನಡುವೆ ಅರಬ್ಬಿ, ಕಟ್ಟೆ, ಜನ, ಕಬ್ಬಿನ ಸಿಪ್ಪೆ, ಚಹಾದಂಗಡಿ ಎಲ್ಲ ಹೇಳಿದರು. ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಮುಂಬಯಿಗೆ ಹೇಳಬೇಕು, ಅವಳು ಆಚೆ ಹೇಳಬೇಕು. ಹೀಗೆ ಚಾಚಾರ ತಪ್ಪು ಮೂರು ಬಾಯಿ ದಾಟಿ ಜಪಾನಿಗೆ ಹೋಯಿತು.

ಆಚೆ ಕಡೆ ಸದ್ದಿಲ್ಲ. ಲೈನು ಹೋಯಿತೇನೋ ಎಂದುಕೊಂಡೆ. ಆಮೇಲೆ ಮುಂಬಯಿಯವಳು ನಗು ತಡೆದುಕೊಳ್ಳುತ್ತಾ ಏನೋ ಹೇಳಿದಳು.

"ಚಾಚಾ," ಅಂದೆ, "ಚಾ ಹ್ಯಾಂಗಿತ್ತು ಅಂತ ಕೇಳ್ಲಿಕತ್ತಾರ."

ಚಾಚಾ ಶೇರವಾನಿಯ ಗುಂಡಿ ಸರಿಮಾಡಿಕೊಂಡರು. "ಶಕ್ಕರ್ ಜಾಸ್ತಿ ಇತ್ತು ಅಂತ ಹೇಳು."

ಹೇಳಿದೆ. ಆಗ ಆಚೆಯಿಂದ ಬಂದ ನಗುವಿಗೆ ಯಾವ ಆಪರೇಟರೂ ಬೇಕಾಗಲಿಲ್ಲ. ನಮ್ಮ ಕೋಣೆಯ ತನಕ ಕೇಳಿಸಿತು. ನಗು ನಿಂತ ಮೇಲೆ ಫೋರ್‌ಮನ್, ಎಷ್ಟು ಮಂದಿ ಶಿಷ್ಯರು ಎಂದು ಕೇಳಿದರು. ಇಬ್ಬರು ಎಂದರು ಚಾಚಾ. ನನ್ನ ಹತ್ತಿರ ಮೂವರು, ಒಬ್ಬ ಸೋಮಾರಿ ಎಂದರು ಅವರು. ಅಷ್ಟರಲ್ಲಿ ಸಮಯ ಮುಗಿಯಿತು.

ಚಾಚಾ ರಿಸೀವರ್ ಕೆಳಗಿಟ್ಟು ಬೆವರು ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. "ನಾಳಿ ಮುಂಜಾನೆ ಆರಕ್ಕ ಬಾ," ಅಂದರು.

ಅದಾದ ಎರಡು ವರ್ಷಕ್ಕೆ ನನ್ನನ್ನು ನೋಡಲು ಒಂದು ಗಂಡು ಬಂತು. ಚಿಂಚೋಳಿಯ ಪ್ರೈಮರಿ ಸಾಲೆಯ ಮಾಸ್ತರರು. ಜೊತೆಗೆ ಅವರ ಸೋದರತ್ತೆ, ಅರವತ್ತು ದಾಟಿದ ಗಟ್ಟಿ ಹೆಂಗಸು. ಮಾಸ್ತರರು ಬಗ್ಗಿಸಿದ ತಲೆ ಎತ್ತಲಿಲ್ಲ. ಮಾತೆಲ್ಲ ಅತ್ತೆಯದೇ.

"ನೌಕರಿ ಬಿಟ್ಟು ಮತ್ತೇನ ಬರ್ತದ ಹುಡುಗೀಗಿ?"

"ಕಸೂತಿ ಹಾಕ್ತಾಳ್ರಿ," ಅಂದಳು ಅವ್ವ ಅವಸರದಿಂದ.

ನನಗೆ ಸೂಜಿ ಪೋಣಿಸಲೂ ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಕಸೂತಿ ತೋರಿಸು ಎಂದರೆ ಎಲ್ಲಿಂದ ತರಲಿ. "ನಿಂಜಾ ವಿದ್ಯೆ ಕಲ್ತೀನ್ರಿ, ಜಪಾನಿಂದು," ಅಂದೆ. "ಕಸೂತಿ ಬರೂದಿಲ್ರಿ."

ಮಾಸ್ತರರು ಆಗ ಮೊದಲ ಸಲ ತಲೆ ಎತ್ತಿದರು. ಅವ್ವ ಕಣ್ಣು ಮುಚ್ಚಿಕೊಂಡಳು.

"ಅದರಿಂದ ಏನ ಆಗ್ತದ?" ಎಂದು ಕೇಳಿದರು ಅತ್ತೆ.

"ನೆಲಕ್ಕ ಕುಂತಾಗ ಕೈ ಊರದೆ ಏಳಬಹುದ್ರಿ. ಬಿದ್ರ ಎಲುಬು ಮುರಿಯೂದು ಕಡಿಮಿ."

ಅತ್ತೆ ಚಹಾದ ಬಟ್ಟಲು ಪಕ್ಕಕ್ಕಿಟ್ಟರು. "ನಂಗ ನೆಲದ ಮ್ಯಾಲಿಂದ ಏಳೋದೇ ದೊಡ್ಡ ತ್ರಾಸ ಆಗ್ಯದ ಯವ್ವಾ. ಏಳಬೇಕಂದ್ರ ಇಬ್ರು ಹಿಡೀಬೇಕು. ತೋರ್ಸು ನೋಡೋಣು."

ಸೀರೆಯ ನೆರಿಗೆ ಸಿಕ್ಕಿಸಿಕೊಂಡು ತೋರಿಸಿದೆ. ಒಂದು ಮಗ್ಗುಲಿಗೆ ವಾಲು, ಒಂದು ಕಾಲು ಒಳಗೆ ಮಡಚು, ಇನ್ನೊಂದು ಪಾದ ಊರು, ಮೂಗು ಪಾದದ ಮೇಲೆ ತಂದು ಉಸಿರು ಬಿಡು. ಅತ್ತೆ ಮೊದಲ ಸಲ ನನ್ನ ಹೆಗಲು ಹಿಡಿದರು. ಎರಡನೇ ಸಲ ಬೆರಳು ಹಿಡಿದರು. ಐದನೇ ಸಲ ತಾವೇ ಎದ್ದು ನಿಂತು, ಯಾರಾದರೂ ಎತ್ತಿದರೇನೋ ಎಂದು ಹಿಂದೆ ತಿರುಗಿ ನೋಡಿದರು. ಮತ್ತೆ ಕೂತರು, ಮತ್ತೆ ಎದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಆರಿ ತಣ್ಣಗಾಗುವ ತನಕ ಕೂತು ಏಳುತ್ತಲೇ ಇದ್ದರು.

"ಹುಡುಗಿ ನಮಗ ಪಸಂದ ಅದ," ಅಂದರು ಅತ್ತೆ. ಹುಡುಗನನ್ನು ಕೇಳಲೇ ಇಲ್ಲ.

ಮದುವೆಯಾಗಿ ಬಂದ ಚಿಂಚೋಳಿಯ ಮನೆಯ ಹಿತ್ತಿಲಲ್ಲಿ ಮೆತ್ತನೆಯ ಕೆಂಪು ಮಣ್ಣು. ಹೊಟ್ಟು ಹಾಸುವ ಕೆಲಸವಿಲ್ಲ. ಮುಂಜಾನೆ ನಾನು ಅಲ್ಲಿ ಅಭ್ಯಾಸ ಮಾಡುವಾಗ ಮಾಸ್ತರರು ಕಟ್ಟೆಯ ಮೇಲೆ ಕೂತು ಮಕ್ಕಳ ಪಾಟಿ ತಿದ್ದುತ್ತಾರೆ. ಕಲಿಯಿರಿ ಎಂದರೆ ನಾಳೆಯಿಂದ ಎನ್ನುತ್ತಾರೆ. ಅತ್ತೆ ಮಾತ್ರ ಓಣಿಯ ನಾಲ್ಕು ಮುದುಕಿಯರನ್ನು ಕೂಡಿಸಿಕೊಂಡು ಬರುತ್ತಾರೆ, ಅವರಿಗೆ ತಾವೇ ಕಲಿಸುತ್ತಾರೆ. ತಪ್ಪಾಗಿ ಕಲಿಸಿದರೆ ನಾನು ತಿದ್ದಬೇಕು, ಆದರೆ ಅವರು ತಿದ್ದಿಸಿಕೊಳ್ಳುವವರಲ್ಲ.